ಬಾವುಟದಮ್ಮನ ಹಿಂದೆ ಫುಜಿ ಸುತ್ತಿದ್ದು

ಟೋಕಿಯೋದಲ್ಲಿ ತುಂಬ ವರ್ಷದಿಂದ ಇರುವ ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ, "ಫುಜಿ ಬೆಟ್ಟಕ್ಕೆ ಹೇಗೆ ಹೋದ್ರಿ?" ಬಸ್ ಟೂರಿನಲ್ಲಿ ಅಂದೆ. "ಓ, ಹಾಗಾದ್ರೆ ನೋಡಿದ ಲೆಕ್ಕ ಅಲ್ಲ ಬಿಡು," ಅಂದ. ತಮಾಷೆಗೇ ಅಂದಿದ್ದು. ಆದರೂ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಈ ಥರದ ಮಾತು ಫುಜಿಗೆ ಮಾತ್ರ ಸೇರಿದ್ದಲ್ಲ, ಎಲ್ಲ ಕಡೆ ಕೇಳುತ್ತೇವೆ ಅಲ್ವಾ? ಬೆನ್ನಿಗೊಂದು ಚೀಲ ಏರಿಸಿಕೊಂಡು ಒಬ್ಬರೇ ಹೊರಟರೆ ಅದು ಪ್ರವಾಸ, ಅನುಭವ, ಹುಡುಕಾಟ. ಅದೇ ಜಾಗಕ್ಕೆ ಬಸ್ಸಿನಲ್ಲಿ ಗುಂಪಾಗಿ, ಬಾವುಟ ಹಿಡಿದ ಗೈಡ್ ಹಿಂದೆ ಸಾಲಾಗಿ ಹೋದರೆ ಅದು ಬರೀ ಫೋಟೊ ಕೆಲಸ. ನೋಡಿದ್ದು ಲೆಕ್ಕಕ್ಕಿಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ಯಾಕೆ ಅಂತ ಫೋನಿನಲ್ಲಿ ನಿಂತ ನಿಲುವಿನಲ್ಲಿ ಹೇಳೋಕೆ ಆಗುವಂಥದ್ದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಹೋಗಿದ್ದು 2024ರ ಅಕ್ಟೋಬರ್ ಕೊನೆಯಲ್ಲಿ. ತಂಗಿಯ ಮನೆ ನಿಶಿಕಸಾಯಿಯಲ್ಲಿ. ಟೋಕಿಯೋದಲ್ಲಿ ನಮ್ಮ ಜನ ಅತಿ ಜಾಸ್ತಿ ಇರುವ ಕಡೆಗಳಲ್ಲಿ ಅದೂ ಒಂದು. ಅಲ್ಲಿ ಬೇಳೆ, ಕರಿಬೇವು, ಸಾಂಬಾರ್ ಪುಡಿ ಎಲ್ಲ ಸಿಗುತ್ತದೆ, ಹಾಗಾಗಿ ಅಮ್ಮನಿಗೆ ಪರದೇಶಕ್ಕೆ ಬಂದಿದ್ದೇನೆ ಅಂತ ಅನ್ನಿಸಿದ್ದೇ ಫುಜಿಗೆ ಹೊರಟ ದಿನ. ತಂಗಿಗೆ ರಜೆ ಇರಲಿಲ್ಲ. ಅಮ್ಮನಿಗೆ ಮಂಡಿ ನೋವು. ರೈಲು ಬದಲಿಸಿ, ಲೋಕಲ್ ಬಸ್ಸಿಗೆ ಕಾದು, ಮ್ಯಾಪ್ ನೋಡಿಕೊಂಡು ಸುತ್ತುವುದು ಆಗದ ಮಾತು. ಶಿಂಜುಕುದಿಂದ ಬೆಳಗ್ಗೆ ಹೊರಟು ಸಂಜೆ ವಾಪಸು ತಂದುಬಿಡುವ ಟೂರು ಬುಕ್ ಮಾಡಿದೆವು. ಇಂಥ ಟೂರುಗಳು ಅಲ್ಲಿ ನೂರಾರು ಇವೆ. ಬೇರೆ ಬೇರೆ ಕಂಪನಿ, ಆದರೆ ಕಂಪಾಸಿನಲ್ಲಿ ಸುತ್ತು ಹಾಕಿದ ಹಾಗೆ ನಿಲ್ಲುವ ಜಾಗಗಳು ಮಾತ್ರ ಅವೇ.

ಗೈಡ್ ನಡುವಯಸ್ಸಿನ ಹೆಂಗಸು. ಉದ್ದಕ್ಕೆ ಎಳೆಯಬಹುದಾದ ಕೋಲಿನ ತುದಿಗೆ ಹಳದಿ ಬಾವುಟ ಕಟ್ಟಿಕೊಂಡಿದ್ದರು. ಒಂದು ಉಸಿರಿಗೆ ಇಂಗ್ಲಿಷ್, ಮುಂದಿನ ಉಸಿರಿಗೆ ಚೀನಿ ಭಾಷೆ. ಬಸ್ ಹತ್ತಿದ ಕೂಡಲೇ ಕಾನೂನು ಹೇಳಿದರು. ಹೇಳಿದ ಹೊತ್ತಿಗೆ ಬರದಿದ್ದರೆ ಐದು ನಿಮಿಷ ಕಾಯ್ತೀನಿ, ಆಮೇಲೆ ಬಸ್ ಹೊರಡುತ್ತೆ, ಕವಾಗುಚಿಕೋ ಸ್ಟೇಷನ್ ಎಲ್ಲಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ, ನೀವೇ ರೈಲು ಹತ್ತಿ ಬನ್ನಿ. ಯಾರಿಗೂ ಬೇಜಾರಾಗದ ದನಿಯಲ್ಲಿ ಹೇಳಿದರು, ಆದರೆ ಮಾಡಿಯೇ ಮಾಡುತ್ತಾರೆ ಅನ್ನುವುದು ಗೊತ್ತಾಗುತ್ತಿತ್ತು. ಅಮ್ಮ ಕಾಶಿ, ರಾಮೇಶ್ವರ, ಶಿರಡಿ ಎಲ್ಲ ಟೂರ್ ಬಸ್ಸಿನಲ್ಲೇ ಮಾಡಿದವಳು. ಮ್ಯಾನೇಜರುಗಳನ್ನು ಅಳೆಯುವುದರಲ್ಲಿ ಅವಳಿಗೆ ಅನುಭವ ಇದೆ. ತಲೆ ಎಣಿಸುವ ರೀತಿ ನೋಡಿಯೇ "ಗಟ್ಟಿ ಹೆಂಗಸು" ಅಂತ ಸರ್ಟಿಫಿಕೇಟ್ ಕೊಟ್ಟಳು. ಮುಂದೆ ದಿನವಿಡೀ ಅವರು ನಮ್ಮಿಬ್ಬರ ಪಾಲಿಗೆ ಬಾವುಟದಮ್ಮ.

ಹಿಮವೇ ಇಲ್ಲದ ಬೆಟ್ಟ

ಮೊದಲ ನಿಲುಗಡೆ ಫುಜಿಯೋಶಿದಾ ಊರಿನ ಅರಕುರಯಾಮ ಸೆಂಗೆನ್ ಪಾರ್ಕ್. ಹೆಸರು ಗೊತ್ತಿಲ್ಲದಿದ್ದರೂ ಜಾಗವನ್ನು ನೀವು ನೋಡಿದ್ದೀರಿ. ಎಡಕ್ಕೆ ಹಿಮದ ಟೋಪಿ ಹಾಕಿದ ಫುಜಿ, ಬಲಕ್ಕೆ ಐದು ಅಂತಸ್ತಿನ ಕೆಂಪು ಗೋಪುರ, ಸುತ್ತ ಚೆರ್ರಿ ಹೂವು. ಜಪಾನ್ ಅಂತ ಹುಡುಕಿದರೆ ಮೊದಲು ಬರುವ ಚಿತ್ರ. ಗೋಪುರ ಶತಮಾನಗಳಷ್ಟು ಹಳೆಯದು ಅಂತ ನೋಡಿದವರೆಲ್ಲ ಅಂದುಕೊಳ್ಳುತ್ತಾರೆ. ಅದು ಕಟ್ಟಿದ್ದು 1963ರಲ್ಲಿ, ಯುದ್ಧಗಳಲ್ಲಿ ಸತ್ತ ಆ ಊರಿನವರ ನೆನಪಿಗೆ. ಬಾವುಟದಮ್ಮ ಇದನ್ನು ಬಸ್ಸಿನಲ್ಲೇ ಹೇಳಿದರು. ಆದರೆ ಗೋಪುರದ ಹಿಂದಿನ ಕಟ್ಟೆಯ ಮೇಲೆ ಫೋನ್ ಎತ್ತಿ ಹಿಡಿದ ಗುಂಪಿನಲ್ಲಿ ಅದು ಎಷ್ಟು ಜನಕ್ಕೆ ನೆನಪಿತ್ತೋ.

ಮೇಲೆ ಹೋಗಲು 398 ಮೆಟ್ಟಿಲು. ಅಮ್ಮ ಕೆಳಗೇ ಕೂತಳು. ನಾನು ಏದುಸಿರು ಬಿಡುತ್ತಾ ಹತ್ತಿದೆ, ಸಾಲಿನಲ್ಲಿ ನಿಂತೆ, ನನ್ನ ಸರದಿ ಬಂತು. ಬೆಟ್ಟ ಪೂರ್ತಿ ಕಾಣುತ್ತಿತ್ತು. ಒಂದು ಚೂರು ಮೋಡ ಇರಲಿಲ್ಲ. ಆದರೆ ಹಿಮವೂ ಇರಲಿಲ್ಲ. ತುದಿಯವರೆಗೂ ಕಂದು ಮಿಶ್ರಿತ ಬೂದು ಬಣ್ಣ, ಬರೀ ಬೂದಿ, ಬರೀ ಕಲ್ಲು. ನನ್ನ ಹಿಂದೆ ನಿಂತಿದ್ದ ಹುಡುಗಿ ತನ್ನ ಗೆಳತಿಗೆ "ಇದೇನಾ?" ಅನ್ನುವ ಅರ್ಥದಲ್ಲಿ ಏನೋ ಹೇಳಿದಳು. ಭಾಷೆ ತಿಳಿಯದಿದ್ದರೂ ಮುಖ ತಿಳಿಯಿತು. ಬೆಟ್ಟ ಇದೆ, ಆದರೆ ಫೋಟೊದಲ್ಲಿ ಇರಬೇಕಾದ ಬೆಟ್ಟ ಇಲ್ಲ.

ಕೆಳಗೆ ಬಂದಾಗ ಬಾವುಟದಮ್ಮನ ಸುತ್ತ ಒಂದು ಸಣ್ಣ ಗುಂಪು ದೂರು ಹೇಳುತ್ತಿತ್ತು. ಹಿಮ ಎಲ್ಲಿ, ಯಾವಾಗ ಬೀಳುತ್ತೆ, ಬೆಟ್ಟದ ಮೇಲೆ ಬಸ್ಸು ಹೋಗುವ ಐದನೇ ನಿಲ್ದಾಣಕ್ಕೆ ಹೋದ್ರೆ ಸಿಗುತ್ತಾ. ಆಕೆ ಸಮಾಧಾನವಾಗಿ ಶುರು ಮಾಡಿದರು. ಫುಜಿಯ ಮೊದಲ ಹಿಮವನ್ನು ಕೋಫು ಪಟ್ಟಣದ ಹವಾಮಾನ ಕಚೇರಿಯವರು ಕೆಳಗಿನಿಂದ ಕಣ್ಣಾರೆ ಕಂಡು ದಾಖಲಿಸುತ್ತಾರೆ. 1894ರಿಂದ ಈ ಲೆಕ್ಕ ಇದೆ. ಸರಾಸರಿ ಅಂದರೆ ಅಕ್ಟೋಬರ್ 2. ಹೋದ ವರ್ಷ ಅಕ್ಟೋಬರ್ 5. ಅತಿ ತಡ ಅಂದರೆ 1955 ಮತ್ತು 2016ರಲ್ಲಿ, ಅಕ್ಟೋಬರ್ 26. "ಆ ತಾರೀಖು ದಾಟಿ ಆಯ್ತು. ಈ ದಿನಕ್ಕೆ ಬೋಳು ಫುಜಿಯನ್ನ 130 ವರ್ಷದಲ್ಲಿ ಯಾರೂ ನೋಡಿಲ್ಲ. ನೀವೇ ಮೊದಲು," ಅಂದರು. ಗುಂಪು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಇಬ್ಬರು ಮೂವರು ಮತ್ತೆ ಬೆಟ್ಟದ ಕಡೆ ತಿರುಗಿ ಫೋಟೊ ತೆಗೆದರು, ಈ ಸಲ ಬೇರೆ ಮುಖ ಮಾಡಿಕೊಂಡು.

ಇದನ್ನು ಮಾರಾಟದ ಜಾಣತನ ಅಂತ ಬೇಕಾದರೆ ಅನ್ನಿ. ನನಗೆ ಹಾಗೆ ಅನ್ನಿಸಲಿಲ್ಲ. ಆಕೆ ಹೇಳಿದ್ದರಲ್ಲಿ ಸುಳ್ಳಿಲ್ಲ. ಒಬ್ಬನೇ ಹೋಗಿದ್ದರೆ ನಾನು "ಅಯ್ಯೋ, ಹಿಮ ಇಲ್ಲ" ಅಂದುಕೊಂಡು ವಾಪಸು ಬರುತ್ತಿದ್ದೆ. ಎದುರಿಗೆ ಇರುವುದು ಕೊರತೆ ಅಲ್ಲ, ಅದೇ ಒಂದು ಘಟನೆ, ಬಿಸಿಯಾಗುತ್ತಿರುವ ಭೂಮಿಯ ಮೇಲೆ ಬಹಳ ಮುಖ್ಯವಾದ ಒಂದು ಘಟನೆ ಅಂತ ತೋರಿಸಲು ಆ ಊರಿನ ಕ್ಯಾಲೆಂಡರ್ ಗೊತ್ತಿರುವವರು ಬೇಕು. ಕೊನೆಗೆ ಹಿಮ ಕಂಡಿದ್ದು ನವೆಂಬರ್ 7ರಂದು. ಅಷ್ಟೊತ್ತಿಗೆ ನಾವು ಊರಿನಲ್ಲಿದ್ದೆವು, ಮೊಬೈಲಿನಲ್ಲಿ ಸುದ್ದಿ ಓದಿದೆವು.

ಅಂದಹಾಗೆ ಅಮ್ಮ ಕೂತಿದ್ದ ಕಟ್ಟೆಯಿಂದಲೂ ಬೆಟ್ಟ ಅಷ್ಟೇ ಚೆನ್ನಾಗಿ ಕಾಣುತ್ತಿತ್ತು. ಗೋಪುರ ಇರಲಿಲ್ಲ, ಅಷ್ಟೇ.

ವಾಸುಕಿ ಸಿಕ್ಕಿದ ಕೊಳ

ಓಶಿನೋ ಹಕ್ಕೈ ಅಂದರೆ ಎಂಟು ಕೊಳಗಳ ಊರು. ಫುಜಿಯ ಮೇಲೆ ಕರಗಿದ ಹಿಮ, ಬಿದ್ದ ಮಳೆ, ಲಾವಾ ಪದರಗಳ ಸಂದಿಯಲ್ಲಿ ಇಳಿದಿಳಿದು ವರ್ಷಗಟ್ಟಲೆ ಸೋಸಿ ಬಂದು ಇಲ್ಲಿ ಬುಗ್ಗೆಯಾಗಿ ಏಳುತ್ತದೆ. ನೀರು ವರ್ಷವಿಡೀ 13 ಡಿಗ್ರಿ ಆಸುಪಾಸಿನಲ್ಲಿ ತಣ್ಣಗಿರುತ್ತದೆ. ಎಷ್ಟು ತಿಳಿ ಅಂದರೆ ಆಳ ಎಷ್ಟು ಅಂತ ಕಣ್ಣಿಗೆ ತಿಳಿಯುವುದಿಲ್ಲ, ಮೀನು ಗಾಳಿಯಲ್ಲಿ ನಿಂತಿದೆಯೇನೋ ಅನ್ನಿಸುತ್ತದೆ.

ಇಲ್ಲಿ ಒಂದು ಮಜಾ ಇದೆ. ಅಂಗಡಿಗಳ ನಡುವೆ, ಅತಿ ಜಾಸ್ತಿ ಜನ ಮುತ್ತಿಕೊಂಡು ಬಗ್ಗಿ ನೋಡುವ ಆ ನೀಲಿ ಗುಂಡಿ ಇದೆಯಲ್ಲ, ನಾಕಾಯಿಕೆ, ಅದು ಎಂಟರಲ್ಲಿ ಒಂದಲ್ಲವೇ ಅಲ್ಲ. ಮನುಷ್ಯರು ತೋಡಿದ ಕೊಳ. ನಿಜವಾದ ಎಂಟರಲ್ಲಿ ಒಂದು ಉಳಿದವುಗಳಿಂದ ದೂರದಲ್ಲಿದೆ, ಅಲ್ಲಿಗೆ ಬಸ್ಸಿನವರು ಯಾರೂ ಹೋಗುವುದಿಲ್ಲ. ಇನ್ನೊಂದು ದುಡ್ಡು ಕೊಟ್ಟು ಒಳಗೆ ಹೋಗಬೇಕಾದ ಹಳೆ ಮನೆಯ ಮ್ಯೂಸಿಯಂ ಅಂಗಳದಲ್ಲಿದೆ. ಕೆಲವಂತೂ ಪಕ್ಕದಲ್ಲೇ ಹಾದು ಹೋದರೂ ಕೊಳ ಅಂತ ಗೊತ್ತಾಗದಷ್ಟು ಚಿಕ್ಕವು. ಬಾವುಟದಮ್ಮ ಇದನ್ನೆಲ್ಲ ಮುಚ್ಚಿಡಲಿಲ್ಲ. "ಇದು ಎಂಟರಲ್ಲಿ ಸೇರಿಲ್ಲ, ಆದ್ರೆ ಫೋಟೊ ಚೆನ್ನಾಗಿ ಬರುತ್ತೆ, ತೆಗೆದುಕೊಳ್ಳಿ," ಅಂದರು. ಎಲ್ಲರೂ ತೆಗೆದುಕೊಂಡರು. ನಾನೂ.

ಆಮೇಲೆ ನಮ್ಮನ್ನು ಪಕ್ಕದ ವಾಕುಇಕೆ ಕಡೆ ಕರೆದರು. ಇದು ಎಂಟರಲ್ಲಿ ಐದನೆಯದು, ನೀರು ಜೋರಾಗಿ ಉಕ್ಕುವ ದೊಡ್ಡ ಕೊಳ. ಕಾಸು ಹಾಕಬೇಡಿ ಅಂತ ಬೋರ್ಡು. ಹಿಂದಿನ ಕಾಲದಲ್ಲಿ ಫುಜಿ ಹತ್ತಲು ಬಂದ ಭಕ್ತರು ಮೊದಲು ಈ ಎಂಟೂ ಕೊಳದಲ್ಲಿ ಮೈ ತೊಳೆದು ಶುದ್ಧರಾಗುತ್ತಿದ್ದರಂತೆ. ಪ್ರತಿ ಕೊಳಕ್ಕೂ ಒಬ್ಬ ನಾಗರಾಜ. ಅಲ್ಲಿ ತಿರುಗಿ ಅಮ್ಮನನ್ನು ನೋಡಿ, "ನೀವು ಇಂಡಿಯಾದವರಲ್ವಾ, ಇವರೆಲ್ಲ ನಿಮ್ಮ ಕಡೆಯವರೇ," ಅಂದರು. ನಾನು ಫೋನಿನಲ್ಲಿ ಪಟ್ಟಿ ತೆಗೆದು ಓದಿದೆ. ನಂದ, ಉಪನಂದ, ಸಾಗರ, ವಾಸುಕಿ, ತಕ್ಷಕ, ಅನವತಪ್ತ, ಮನಸ್ವಿ, ಉತ್ಪಲ. ಸದ್ಧರ್ಮ ಪುಂಡರೀಕ ಸೂತ್ರದಲ್ಲಿ ಬುದ್ಧನ ಮಾತು ಕೇಳಲು ಬಂದು ಕೂರುವ ಎಂಟು ನಾಗರಾಜರು. ಸೂತ್ರದ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ಹೋಗಿ, ಕೊನೆಗೆ ಈ ಹಳ್ಳಿಯ ಒಂದೊಂದು ಬುಗ್ಗೆಯಲ್ಲಿ ಒಬ್ಬೊಬ್ಬರು ನೆಲೆಸಿದ್ದಾರೆ. ನಾವು ನಿಂತಿದ್ದು ತಕ್ಷಕನ ಕೊಳದ ಮುಂದೆ.

ಅಮ್ಮನ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ಅವಳಿಗೆ ಫುಜಿ ಅಂದರೆ ಒಂದು ಚೆಂದದ ಬೆಟ್ಟ, ಮಗಳ ಊರಿನ ಹತ್ತಿರದ್ದು. ಈಗ ತಟ್ಟನೆ ಪರಿಚಯದವರ ಮನೆ ಆಯಿತು. "ಪರೀಕ್ಷಿತನ್ನ ಕಚ್ಚಿದವನಾ?" ಅಂತ ಕೇಳಿದಳು. ಅವನೇ ಅಂದೆ. "ಜನಮೇಜಯ ಸರ್ಪಯಾಗ ಮಾಡಿದಾಗ ಇಂದ್ರನ ಹತ್ರ ಹೋಗಿ ಬಚ್ಚಿಟ್ಟುಕೊಂಡ ಅಂತಾರೆ. ಇಲ್ಲಿಗೆ ಬಂದಿದ್ದ ನೋಡು!" ನಗುತ್ತಲೇ ಅಂದಳು, ಆದರೆ ಕೈ ಮುಗಿದಿದ್ದು ನಗುತ್ತಾ ಅಲ್ಲ. ಆಮೇಲೆ ವಾಸುಕಿಯ ಕೊಳ ಯಾವುದು ಅಂತ ಹಠ ಹಿಡಿದಳು. ವರ್ಷ ವರ್ಷ ಕುಕ್ಕೆಗೆ ಹೋಗಿ ಬರುವವಳು, ಗರುಡನಿಗೆ ಹೆದರಿ ಬಿಲದ್ವಾರದಲ್ಲಿ ಅಡಗಿದ್ದ ವಾಸುಕಿಯನ್ನು ಇಷ್ಟು ದೂರ ಬಂದು ಮಾತಾಡಿಸದೆ ಹೋಗುವುದುಂಟಾ? ಅದು ನಾಲ್ಕನೆಯ ಕೊಳ, ಚೋಶಿಇಕೆ, ಸ್ವಲ್ಪ ಪಕ್ಕಕ್ಕೆ ನಡೆಯಬೇಕು. ಟೈಮ್ ಕಡಿಮೆ ಇತ್ತು. ನಾನು ಬಾವುಟದಮ್ಮನನ್ನು ಕೇಳಿದೆ. ಆಕೆ ಗಡಿಯಾರ ನೋಡಿದರು, ಅಮ್ಮನ ಮಂಡಿ ನೋಡಿದರು, "ಬನ್ನಿ" ಅಂತ ತಾವೇ ಮುಂದೆ ನಡೆದರು. ಹುಲ್ಲಿನ ನಡುವೆ ಪುಟ್ಟ ಕೊಳ. ಆಸುಪಾಸು ಯಾರೂ ಇರಲಿಲ್ಲ. ಅಡಿಯ ಮರಳಿನಿಂದ ನೀರು ಬುಳುಬುಳು ಏಳುತ್ತಿತ್ತು. ಅಮ್ಮ ಚೀಲದಿಂದ ಒಂದು ಹೂವಾದರೂ ತೆಗೆಯಬಹುದು ಅಂತ ನನಗೆ ಒಳಗೊಳಗೇ ಭಯ. ತೆಗೆಯಲಿಲ್ಲ, ಬೋರ್ಡು ಅವಳೂ ನೋಡಿದ್ದಳು.

ಬಸ್ಸಿಗೆ ತಡವಾಗಿ ಬಂದವರು ನಾವೇ ಮೂವರು. ಐದು ನಿಮಿಷದ ಕಾನೂನು ಮಾಡಿದವರೇ ಜೊತೆಗಿದ್ದರಿಂದ ಬಚಾವು.

ಊಟದ ವಿಷಯ ಬೇಗ ಮುಗಿಸುತ್ತೇನೆ. ಆ ಕಡೆಯ ಹೆಸರುವಾಸಿ ಅಡುಗೆ ಹೋತೋ, ಅಗಲವಾದ ದಪ್ಪ ನೂಡಲ್ಸು, ಮಿಸೋ ಸಾರಿನಲ್ಲಿ ಸಿಹಿಗುಂಬಳದ ಜೊತೆ ಬೇಯಿಸಿದ್ದು. ನೋಡಲು ಪೂರಾ ಸಸ್ಯಾಹಾರ. ಸಾರಿನ ತಳದಲ್ಲಿ ಮೀನಿನ ಕಷಾಯ ಇರುತ್ತದೆ. ನಾವು ಕವಾಗುಚಿ ಕೆರೆಯ ದಂಡೆಯ ಬೆಂಚಿನಲ್ಲಿ ಕೂತು ಚಪಾತಿ ಚಟ್ನಿಪುಡಿ ತಿಂದೆವು, ಕಸವನ್ನು ಚೀಲಕ್ಕೆ ಹಾಕಿಕೊಂಡು ಟೋಕಿಯೋವರೆಗೂ ಹೊತ್ತೆವು. ಆ ಹೊತ್ತಿಗೆ ಬೆಟ್ಟದ ಸೊಂಟಕ್ಕೆ ಮೋಡ ಬಂದಿತ್ತು.

ಬೆಟ್ಟದ ಮೇಲೆ ಬೆಟ್ಟ ಕಾಣುವುದಿಲ್ಲ

1964ರಲ್ಲಿ ಶುರುವಾದ ಸುಬಾರು ಲೈನ್ ಅನ್ನುವ ರಸ್ತೆ ಬಸ್ಸನ್ನು ಐದನೇ ನಿಲ್ದಾಣದವರೆಗೆ, 2,305 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಕರ್ನಾಟಕದ ಅತಿ ಎತ್ತರದ ತುದಿಗಿಂತ ಮೇಲೆ ಸೀಟಿನಿಂದ ಏಳದೆ ಹೋಗುತ್ತೀರಿ. ದಾರಿಯುದ್ದ ಲಾರ್ಚ್ ಮರಗಳು ಹಳದಿಯಾಗಿದ್ದವು. ಮೇಲೆ ಇಳಿದರೆ ಅಂಗಡಿ ಸಾಲು, ಸವಾರಿಗೆ ಕುದುರೆ, ಒಂದು ಗುಡಿ, ನೂರಾರು ಜನ. ಮತ್ತು ಮಂಜು. ಹತ್ತು ಹೆಜ್ಜೆ ಮುಂದಿನ ಮನುಷ್ಯ ಕಾಣುವುದಿಲ್ಲ.

ಮಂಜು ಇಲ್ಲದ ದಿನವೂ ಅಲ್ಲಿಂದ ಫುಜಿ ಆ ಪ್ರಸಿದ್ಧ ಆಕಾರದಲ್ಲಿ ಕಾಣುವುದಿಲ್ಲ. ಮೇಲೊಂದು ಕೆಂಪು ಬೂದಿಯ ಇಳಿಜಾರು ಕಾಣಬಹುದು, ಅಷ್ಟೇ. ಬೆಟ್ಟ ಹತ್ತುವ ಕಾಲವೂ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಹತ್ತುವಂತಿಲ್ಲ, ನೋಡಲು ಆಗುವುದಿಲ್ಲ. ಆದರೂ 2019ರಲ್ಲಿ ಸುಮಾರು 50 ಲಕ್ಷ ಜನ ಅಲ್ಲಿಗೆ ಹೋಗಿ ಬಂದರು. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರುವಾಗಲೇ ಜನಸಂದಣಿ ಹತೋಟಿಗೆ ತನ್ನಿ ಅಂತ ಹೇಳಿದ್ದರು. ಆಮೇಲೆ ಜನ ಇನ್ನೂ ಜಾಸ್ತಿಯಾದರು.

ಗೆಳೆಯನ ಮಾತಿಗೆ ಇಲ್ಲೊಂದು ಬಲ ಇದೆ ಅಂತ ಯಾರಾದರೂ ಹೇಳಬಹುದು. ಏನೂ ಕಾಣದ ಜಾಗಕ್ಕೆ ಬಸ್ಸಿನಲ್ಲಿ ಹೋಗಿ, ಫುಜಿ ಆಕಾರದ ಬನ್ ತಿಂದು ಬರುವುದು ಎಂಥ ನೋಟ? ಆದರೆ ಆ ಮಂಜಿನಲ್ಲೇ ನನಗೆ ಆ ದಿನದ ಒಳ್ಳೆಯ ಪಾಠ ಸಿಕ್ಕಿದ್ದು. ಅಲ್ಲಿರುವ ಗುಡಿ ಕೊಮಿತಾಕೆ ಗುಡಿ. ಕೊಮಿತಾಕೆ ಅನ್ನುವುದು ಇನ್ನೊಂದು ಬೆಟ್ಟದ ಹೆಸರು, ಫುಜಿಗಿಂತ ತುಂಬ ಹಳೆಯ ಜ್ವಾಲಾಮುಖಿಯದು. ಅದರ ಮೇಲೆ ಹಳೆ ಫುಜಿ ಬೆಳೆಯಿತು, ಹಳೆ ಫುಜಿಯ ಮೇಲೆ ಈಗಿನ ಫುಜಿ ಬೆಳೆಯಿತು. ಒಂದನ್ನೊಂದು ನುಂಗುತ್ತಾ ಬಂದ ಬೆಟ್ಟಗಳು. ಕೊಮಿತಾಕೆಯ ನೆತ್ತಿ ಮಾತ್ರ ಈ ಐದನೇ ನಿಲ್ದಾಣದ ಹತ್ತಿರ ಒಂಚೂರು ಹೊರಗೆ ಉಳಿದಿದೆ, ಗುಡಿ ಇರುವುದು ಅದರ ಮೇಲೆ. ದೂರದಿಂದ ಅಷ್ಟು ನುಣುಪಾಗಿ, ಒಂದೇ ಗೆರೆಯಲ್ಲಿ ಎಳೆದ ಹಾಗೆ ಕಾಣುವ ಬೆಟ್ಟದ ಹೊಟ್ಟೆಯಲ್ಲಿ ಇಷ್ಟೆಲ್ಲ ಇದೆ. ಕೊನೆಯ ಸಲ ಅದು ಬಾಯಿ ಬಿಟ್ಟಿದ್ದು 1707ರ ಡಿಸೆಂಬರಿನಲ್ಲಿ. ಬೂದಿ ನೂರು ಕಿಲೋಮೀಟರ್ ಆಚೆ ಎಡೊ ಪಟ್ಟಣದ ಮೇಲೆ, ಅಂದರೆ ಈಗಿನ ಟೋಕಿಯೋದ ಮೇಲೆ ಬಿತ್ತು.

ಅಮ್ಮ ಗುಡಿಯ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತಿದ್ದಳು. 1872ರವರೆಗೆ ಹೆಂಗಸರು ಈ ಬೆಟ್ಟದ ತುದಿಗೆ ಹೋಗುವಂತಿರಲಿಲ್ಲ ಅಂತ ಹೇಳಿದೆ. ಅದಕ್ಕೂ ಮುಂಚೆ, 1832ರಲ್ಲಿ, ತಕಾಯಾಮಾ ತತ್ಸು ಅನ್ನುವ ಹೆಂಗಸು ಗಂಡಸಿನ ವೇಷ ಹಾಕಿಕೊಂಡು ಹತ್ತಿ ಬಂದಳು ಅಂತಲೂ ಹೇಳಿದೆ. ಅಮ್ಮ ಸ್ವಲ್ಪ ಯೋಚಿಸಿ, "ಚಳಿಗೆ ಪ್ಯಾಂಟೇ ವಾಸಿ," ಅಂದಳು.

ಬೆಟ್ಟಕ್ಕೆ ಚೀಟಿ ಹಾಕಿದವರು

ವಾಪಸು ಇಳಿಯುವಾಗ ಬಸ್ಸು ಫುಜಿಯೋಶಿದಾದ ಮುಖ್ಯ ಬೀದಿಯಲ್ಲಿ ಹಾದಿತು. ಬೀದಿಗೆ ಅಡ್ಡಲಾಗಿ ಒಂದು ದೊಡ್ಡ ಕಂಚಿನ ತೋರಿ, ಬಾಗಿಲ ಕಮಾನು. ಬಾವುಟದಮ್ಮ ಎರಡೇ ಮಾತು ಹೇಳಿದರು, ಈ ಬೀದಿಯ ಎರಡೂ ಬದಿಗೆ ಹಿಂದೆ ಓಶಿ ಮನೆಗಳಿದ್ದವು, ಈಗ ಕೆಲವೇ ಉಳಿದಿವೆ. ಬಸ್ಸು ನಿಲ್ಲಲಿಲ್ಲ. ಅರ್ಧ ಜನ ನಿದ್ದೆಯಲ್ಲಿದ್ದರು. ನಾನು ತಂಗಿಯ ಮನೆಗೆ ಬಂದ ಮೇಲೆ ಕೂತು ಓದಿದೆ, ಓದಿದಷ್ಟೂ ಗೆಳೆಯನ ಮಾತು ಸಡಿಲವಾಗುತ್ತಾ ಹೋಯಿತು.

ಎಡೊ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದವರೆಗೆ, ಫುಜಿ ಹತ್ತುವುದು ಸಾಧಾರಣ ಜನರ ದೊಡ್ಡ ಆಸೆಯಾಗಿತ್ತು. ಆದರೆ ಬಡಗಿ, ಎಣ್ಣೆ ಮಾರುವವನು, ಮೀನಿನ ಅಂಗಡಿಯವನು ಅಷ್ಟು ಖರ್ಚು ಹೇಗೆ ಹೊಂದಿಸುವುದು? ಬೀದಿ ಬೀದಿಯಲ್ಲಿ ಕೂಟ ಕಟ್ಟಿಕೊಂಡರು. ಫುಜಿಕೋ ಅಂತ ಅದರ ಹೆಸರು. ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕುವುದು, ವರ್ಷಕ್ಕೊಮ್ಮೆ ಚೀಟಿ ಎತ್ತುವುದು, ಹೆಸರು ಬಂದವರು ಎಲ್ಲರ ಪರವಾಗಿ ಬೆಟ್ಟಕ್ಕೆ ಹೋಗಿ ಬರುವುದು. ನಮ್ಮ ಬೀದಿಯ ಚೀಟಿ ವ್ಯವಹಾರವೇ ಇದು, ಬಂದ ದುಡ್ಡಿನಲ್ಲಿ ಫ್ರಿಜ್ ಬದಲು ಫುಜಿ. ಎಡೊದ 808 ಬೀದಿಗೆ 808 ಕೂಟ ಅಂತ ಗಾದೆಯೇ ಇತ್ತು. ಸರ್ಕಾರಕ್ಕೆ ಈ ಕೂಟಗಳನ್ನು ಕಂಡರೆ ಅನುಮಾನ. ಮತ್ತೆ ಮತ್ತೆ ನಿಷೇಧ ಹಾಕಿದರು, ಜನ ಕೇಳಲಿಲ್ಲ.

ಹೊರಟವರು ಎಡೊದಿಂದ ಎರಡು ಮೂರು ದಿನ ನಡೆದು ಯೋಶಿದಾಕ್ಕೆ, ಅಂದರೆ ಈಗಿನ ಫುಜಿಯೋಶಿದಾಕ್ಕೆ ಬರುತ್ತಿದ್ದರು. ನಮ್ಮ ಬಸ್ಸು ಓಡಿದ ಹೆದ್ದಾರಿ ಹೆಚ್ಚು ಕಡಿಮೆ ಅದೇ ದಾರಿ. ಬಂದವರನ್ನು ಓಶಿ ಎದುರುಗೊಳ್ಳುತ್ತಿದ್ದ. ಓಶಿ ಅಂದರೆ ಅರ್ಧ ಪೂಜಾರಿ, ಅರ್ಧ ಛತ್ರದ ಯಜಮಾನ, ಪೂರ್ತಿ ಟೂರ್ ಮ್ಯಾನೇಜರ್. ಒಂದು ಕಾಲಕ್ಕೆ ಆ ಬೀದಿಯಲ್ಲಿ 80ಕ್ಕೂ ಹೆಚ್ಚು ಓಶಿ ಮನೆಗಳಿದ್ದವು. ಮನೆಯ ಮುಂದೆ ಹರಿಯುವ ಕಾಲುವೆಯಲ್ಲಿ ಕೈಕಾಲು ತೊಳೆಸಿ, ಒಳಗೆ ಪೂಜೆ ಮಾಡಿಸಿ, ಊಟ ಹಾಕಿ, ಬೆಟ್ಟಕ್ಕೆ ಏನು ಬೇಕೋ ಹೊಂದಿಸಿ, ದಾರಿ ತೋರಿಸುವ, ಮೂಟೆ ಹೊರುವ ಜನರನ್ನು ಜೊತೆ ಮಾಡಿ ಕಳಿಸುತ್ತಿದ್ದರು. ಚಳಿಗಾಲದಲ್ಲಿ ಬೆಟ್ಟ ಮುಚ್ಚಿದಾಗ ಓಶಿಗಳೇ ಎಡೊ ಕಡೆಗೆ ಹೊರಟು, ತಮ್ಮ ಲೆಕ್ಕದ ಕೂಟಗಳ ಮನೆ ಮನೆಗೆ ಹೋಗಿ ರಕ್ಷೆಯ ಚೀಟಿ ಹಂಚಿ ಮುಂದಿನ ಬೇಸಿಗೆಗೆ ಗಿರಾಕಿ ಗೊತ್ತು ಮಾಡಿಕೊಂಡು ಬರುತ್ತಿದ್ದರು. ಯಾವ ಕೂಟ ಯಾವ ಓಶಿಯದು ಅಂತ ಗಟ್ಟಿಯಾಗಿ ಹಂಚಿಕೆಯಾಗಿತ್ತು. ಬೆಟ್ಟದ ದಾರಿಯಲ್ಲಿ ಸುಂಕವೂ ಇತ್ತು. 2024ರಲ್ಲಿ ಯೋಶಿದಾ ದಾರಿಗೆ 2,000 ಯೆನ್ ಶುಲ್ಕ, ದಿನಕ್ಕೆ 4,000 ಜನ ಅಂತ ಮಿತಿ ಬಂತಲ್ಲ, 2025ರಲ್ಲಿ ನಾಲ್ಕೂ ದಾರಿಗೆ 4,000 ಯೆನ್ ಆಯಿತಲ್ಲ, ಆಗ "ಬೆಟ್ಟ ಹತ್ತೋಕೂ ದುಡ್ಡಾ" ಅಂತ ಜನ ಗೊಣಗಿದರು. ಬೆಟ್ಟ ಹತ್ತಲು ದುಡ್ಡು ಕೊಡದ ಕಾಲ ಇದ್ದದ್ದೇ ಮಧ್ಯದ ಒಂದಿಷ್ಟು ವರ್ಷ.

ಹಾಗಾಗಿ ಫುಜಿಯ ಮಟ್ಟಿಗೆ ನನ್ನ ವಾದ ಇಷ್ಟು. ಮೊದಲು ಶುದ್ಧವಾದ ಯಾತ್ರೆ ಇತ್ತು, ಆಮೇಲೆ ಅದು ಕೆಟ್ಟು ಬಸ್ ಟೂರ್ ಆಯಿತು ಅನ್ನುವ ಕಥೆ ನಿಜ ಅಲ್ಲ. ಇಲ್ಲಿ ಯಾತ್ರೆಯೇ ಮೊದಲಿನಿಂದ ಗುಂಪಿನದ್ದು, ದುಡ್ಡು ಕಟ್ಟಿದ್ದು, ಗೈಡ್ ಹಿಂದೆ ನಡೆದಿದ್ದು, ಇಂತಿಂಥ ಕೊಳದಲ್ಲಿ ಮೊದಲು ಮುಳುಗು, ಇಂತಿಂಥ ಮನೆಯಲ್ಲಿ ಮಲಗು ಅಂತ ಪಟ್ಟಿ ಹಾಕಿದ್ದು. ಒಬ್ಬನೇ ಹೋಗಿ ಬೆಟ್ಟದ ಜೊತೆ ಮಾತಾಡುವವನೇ ಹೊಸಬ. ಬಾವುಟದಮ್ಮ ಹಳೆಯ ಕೆಲಸ ಮುಂದುವರಿಸುತ್ತಿದ್ದಾರೆ. ಆಕೆಗೆ ಬೆಟ್ಟದ ಮೇಲೆ ಭಕ್ತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಓಶಿಗಳಿಗೆಲ್ಲ ಇತ್ತು ಅಂತ ಯಾರು ಹೇಳಬಲ್ಲರು?

ಪರದೆ

ಗೈಡ್ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪಕ್ಕದ ಊರಿನಲ್ಲೇ ಒಂದು ಜಾಗ ಇದೆ. ಕವಾಗುಚಿಕೋ ಸ್ಟೇಷನ್ ಹತ್ತಿರ ಒಂದು ಲಾಸನ್ ಅಂಗಡಿ, ದಿನಸಿ, ಕಾಫಿ ಮಾರುವಂಥದ್ದು. ರಸ್ತೆಯ ಈಚೆ ನಿಂತರೆ ಅಂಗಡಿಯ ನೀಲಿ ಬೋರ್ಡಿನ ಮೇಲೆ ಫುಜಿ ಕೂತ ಹಾಗೆ ಕಾಣುತ್ತದೆ. ಯಾವ ಟೂರ್ ಕಂಪನಿಯೂ ಹುಡುಕಿದ್ದಲ್ಲ, ಇಂಟರ್‌ನೆಟ್ಟಿನಲ್ಲಿ ಹರಡಿದ್ದು. ಜನ ನಡುರಸ್ತೆಯಲ್ಲಿ ನಿಂತರು, ಎದುರಿನ ಹಲ್ಲಿನ ಡಾಕ್ಟರ ಜಾಗದಲ್ಲಿ ಕಾರು ನಿಲ್ಲಿಸಿದರು, ಕಸ ಎಸೆದರು. ಕೊನೆಗೆ 2024ರ ಮೇ ತಿಂಗಳಲ್ಲಿ ಊರಿನವರು ಎರಡೂವರೆ ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಪರದೆ ಕಟ್ಟಿಬಿಟ್ಟರು. ಕೆಲವೇ ದಿನದಲ್ಲಿ ಅದರಲ್ಲಿ ಬೆರಳು ತೂರುವಷ್ಟು ತೂತುಗಳಾದವು. ಆಗಸ್ಟಿನಲ್ಲಿ ಚಂಡಮಾರುತ ಬರುತ್ತದೆ ಅಂತ ಇಳಿಸಿದ ಪರದೆಯನ್ನು ಮತ್ತೆ ಏರಿಸಲಿಲ್ಲ.

ನಾವು ಹೋದಾಗ ಪರದೆ ಇರಲಿಲ್ಲ. ಬಸ್ಸು ಅಲ್ಲಿ ನಿಲ್ಲಲೂ ಇಲ್ಲ. ಕೆಲವರು ಕೇಳಿದರು, ಬಾವುಟದಮ್ಮ ಆಗಲ್ಲ ಅಂದರು. ಅಲ್ಲಿ ಬಸ್ಸು ನಿಲ್ಲಿಸಿದರೆ ಊರಿನವರಿಗೆ ತೊಂದರೆ ಅಂದರು. ಹಿಂದಿನ ಸೀಟಿನ ಯುವಕ ದುಡ್ಡು ಕೊಟ್ಟಿದ್ದೇವೆ ಅಂತ ಏನೋ ಶುರು ಮಾಡಿದ. ಆಕೆ ಮೈಕ್ ಆಫ್ ಮಾಡಿ ಅವನ ಸೀಟಿನ ಹತ್ತಿರ ಹೋಗಿ ಮೆತ್ತಗೆ ಏನು ಹೇಳಿದರೋ, ಅವನು ಆಮೇಲೆ ಮಾತಾಡಲಿಲ್ಲ. ಬಾವುಟದ ಹಿಂದೆ ಹೋಗುವವರನ್ನು ಕುರಿಮಂದೆ ಅನ್ನುತ್ತಾರಲ್ಲ, ಆ ರಸ್ತೆಗೆ ನುಗ್ಗಿದವರು ಹೆಚ್ಚಿನವರು ಸ್ವಂತ ಕಾಲಿನ ಮೇಲೆ, ಸ್ವಂತ ಮ್ಯಾಪ್ ಹಿಡಿದು ಬಂದ ಸ್ವತಂತ್ರ ಪ್ರವಾಸಿಗಳೇ. ಹಾಗಂತ ಟೂರ್ ಬಸ್ಸುಗಳೆಲ್ಲ ಸಂಭಾವಿತ ಅಂತ ನಾನು ಹೇಳುತ್ತಿಲ್ಲ. ಐದನೇ ನಿಲ್ದಾಣದಲ್ಲಿ ಇಂಜಿನ್ ಆರಿಸದೆ ನಿಂತ ಬಸ್ಸುಗಳ ಸಾಲು ನೋಡಿದರೆ ಎದೆ ಝಲ್ಲೆನ್ನುತ್ತದೆ. ಆ ರಸ್ತೆಯನ್ನು ಮುಚ್ಚಿ ಬೇರೆ ಥರದ ವಾಹನ ಓಡಿಸಬೇಕು ಅಂತ ಯಾಮಾನಾಶಿ ಪ್ರಾಂತ್ಯದವರು ವರ್ಷಗಳಿಂದ ಜಗ್ಗಾಡುತ್ತಿರುವುದು ಸುಮ್ನೆ ಅಲ್ಲ.

ಟೋಕಿಯೋದೊಳಗಿನ ಫುಜಿ

ಶಿಂಜುಕುದಲ್ಲಿ ಇಳಿದಾಗ ಕತ್ತಲಾಗಿತ್ತು. ಹೆದ್ದಾರಿಯಲ್ಲಿ ಟ್ರಾಫಿಕ್ಕು. ಅಮ್ಮ ಬಾವುಟದಮ್ಮನಿಗೆ ದುಡ್ಡು ಕೊಡಲು ಹೋದಳು, ಆಕೆ ಎರಡೂ ಕೈ ಅಡ್ಡ ಹಿಡಿದು ಬೇಡ ಅಂದರು. ಚೀಲದಲ್ಲಿ ಉಳಿದಿದ್ದ ಕೊಬ್ಬರಿ ಮಿಠಾಯಿ ಪೊಟ್ಟಣ ಮಾತ್ರ ತೆಗೆದುಕೊಂಡರು.

ಚೀಟಿ ಎತ್ತಿಯೂ ಹೋಗಲಾಗದವರು ಏನು ಮಾಡುತ್ತಿದ್ದರು ಅನ್ನುವುದು ಓದುತ್ತಾ ಸಿಕ್ಕಿತು. ಮುದುಕರು, ಮಕ್ಕಳು, ಕಾಲಿಲ್ಲದವರು, ತುದಿಗೆ ಬಿಡದ ಹೆಂಗಸರು. ಅವರಿಗಾಗಿ ಕೂಟದವರು ಊರೊಳಗೇ ಫುಜಿ ಕಟ್ಟಿಕೊಟ್ಟರು. ಫುಜಿಜುಕಾ ಅಂತಾರೆ, ಮಣ್ಣು ಗುಡ್ಡೆ ಹಾಕಿ, ಫುಜಿಯಿಂದ ತಂದ ಲಾವಾ ಕಲ್ಲು ಹೊದಿಸಿದ ಪುಟ್ಟ ಬೆಟ್ಟ. ಸೆಂದಗಾಯಾದ ಹತೋಮೊರಿ ಹಚಿಮಾನ್ ಗುಡಿಯ ಅಂಗಳದಲ್ಲಿ 1789ರಲ್ಲಿ ಕಟ್ಟಿದ ಒಂದು ಈಗಲೂ ಇದೆ. ಎತ್ತರ ಸುಮಾರು 6 ಮೀಟರ್. ಟಿಕೆಟ್ ಇಲ್ಲ, ಋತು ಇಲ್ಲ, ಯಾವಾಗ ಬೇಕಾದರೂ ಹತ್ತಬಹುದು. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ.

ಊರಿಗೆ ಹೊರಡುವ ಮುಂಚೆ ಒಂದು ಮಧ್ಯಾಹ್ನ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಬುಡದಲ್ಲಿ ಪುಟ್ಟ ಕೊಳ, ಸೇತುವೆ. ಮೇಲೆ ಹೋಗುತ್ತಾ ಅರ್ಧ ದಾರಿಯಾಚೆ ಒಂದು ಗವಿ, ಒಳಗೆ ಜಿಕಿಗ್ಯೋ ಮಿರೊಕುವಿನ ಮೂರ್ತಿ. ಅವನು ಎಣ್ಣೆ ವ್ಯಾಪಾರಿ, 1733ರಲ್ಲಿ ಫುಜಿಯ ಮೇಲೆ ಉಪವಾಸ ಕೂತು ಪ್ರಾಣ ಬಿಟ್ಟವನು, ಆಮೇಲೆಯೇ ಫುಜಿ ಕೂಟಗಳು ಎಡೊದಲ್ಲಿ ಅಷ್ಟೊಂದು ಹಬ್ಬಿದ್ದು. ತುದಿಯಲ್ಲಿ ಕಪ್ಪು ಲಾವಾ ಕಲ್ಲುಗಳ ನಡುವೆ ಚಿಕ್ಕ ಗುಡಿ. ಮೆಟ್ಟಿಲು ಒರಟು, ಕೆಲವು ಕಡೆ ಕಲ್ಲು ಹಿಡಿದೇ ಹತ್ತಬೇಕು. ಅಮ್ಮ ನನ್ನ ಭುಜ ಹಿಡಿದುಕೊಂಡಳು, ಎರಡು ಕಡೆ ಕೂತಳು, ಮಂಡಿಗೆ ಬೈದಳು, ತುದಿಗೆ ಹೋಗಿ ನಿಂತಳು. ಕೆಳಗೆ ಗುಡಿಯ ಅಂಗಳ ಗುಡಿಸುತ್ತಿದ್ದವರು ತಲೆ ಎತ್ತಿ ನೋಡಿ ಬಗ್ಗಿ ನಮಸ್ಕಾರ ಮಾಡಿದರು. ಇಳಿಯುವಾಗ ಜಾಸ್ತಿ ಹೊತ್ತು ಹಿಡಿಯಿತು, ಹಳೆ ಕಾಲದವರಿಗೂ ಹಾಗೇ ಆಗಿರಬೇಕು.

ಈಗ ಮೈಸೂರಿನಲ್ಲಿ ಯಾರು ಕೇಳಿದರೂ ಅಮ್ಮ "ಫುಜಿ ಹತ್ತಿ ಬಂದೆ" ಅಂತಲೇ ಹೇಳುತ್ತಾಳೆ. ಎಷ್ಟು ಎತ್ತರ ಇತ್ತು ಅಂತ ಇಲ್ಲಿಯವರೆಗೂ ಯಾರೂ ಕೇಳಿಲ್ಲ. ಆ ಮಾತಾದ ಮೇಲೆ ಹೇಳುವುದು ವಾಸುಕಿಯ ವಿಷಯ. ಹೋದ ಸಲ ಕುಕ್ಕೆಗೆ ಹೋದಾಗ ಅಲ್ಲಿನ ಭಟ್ಟರ ಹತ್ತಿರವೂ ಹೇಳಿದಳಂತೆ, ನಿಮ್ಮ ವಾಸುಕಿಗೆ ಜಪಾನಿನಲ್ಲೂ ಒಂದು ಮನೆ ಇದೆ, ನೀರು ಸಿಕ್ಕಾಪಟ್ಟೆ ತಣ್ಣಗಿದೆ ಅಂತ. ಅವರು ನಂಬಿದ ಹಾಗೆ ಕಾಣಲಿಲ್ಲವಂತೆ.